ಸಂಜೆಗೆ ಇಲ್ಲವಾದ ದಿಬ್ಬ

ದೋಣಿ ನನ್ನನ್ನೂ ನಮ್ಮನೆಯವರನ್ನೂ ಮರಳ ದಿಬ್ಬದ ಮೇಲೆ ಬಿಟ್ಟು ಹೊರಟಾಗ ನಾನು ಕೈ ಬೀಸಿ ನಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ‘ಆಗಲೇ ಕೂಗಿ ಕರೀಬಾರದಿತ್ತಾ’ ಅಂತ ಯಾರೂ ನನ್ನ ತಲೆ ತಿನ್ನೋದು ಬೇಡ. ಕರೀಬಹುದಿತ್ತು. ಕೂಗಿದರೆ ಕೇಳುವಷ್ಟು ಹತ್ತಿರವೇ ಇತ್ತು ದೋಣಿ. ಆದರೆ ಅದರಲ್ಲಿದ್ದ ನಮ್ಮ ಮೇಸ್ತ್ರಿಯ ಎದುರು ಮೊದಲು ಕೂಗಿದವರು ಸೋತ ಹಾಗೆ. ಸೋತವರ ಕತೆಯನ್ನು ಅವಳು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ಮೇಸ್ತ್ರಿ ಅಂದರೆ ನನ್ನ ಗೆಳತಿ, ಶಾಲೆಯಿಂದಲೂ ಜೊತೆಗಿದ್ದವಳು. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿ ಅವಳ ಉಸ್ತುವಾರಿಯಲ್ಲಿದೆ. ಹಬೆ ತುಂಬಿದ ಆ ನೆಲಮಾಳಿಗೆಯಲ್ಲಿ ಬೆಡ್‌ಶೀಟ್ ಮಡಿಸುವವರಿಗೆ ದಿನವಿಡೀ ಹುಕುಂ ಕೊಟ್ಟೂ ಕೊಟ್ಟೂ, ಹೊರಗೆ ಬಂದ ಮೇಲೂ ಅವಳಿಗೆ ಸುಮ್ಮನಿರೋಕೆ ಬರಲ್ಲ. ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು, ಫೋಟೊದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಎಲ್ಲ ಅವಳದೇ ಯಜಮಾನಿಕೆ. ಅದಕ್ಕೇ ಮೇಸ್ತ್ರಿ. ಅವಳ ಗಂಡ ಹಲ್ಲಿನ ಡಾಕ್ಟ್ರು. ಊರವರ ಬಾಯಿ ತೆರೆಸೋದು ಅವರ ಕಸುಬು, ಆದರೆ ಹೆಂಡತಿ ಎದುರು ಅವರ ಬಾಯಿ ತೆರೆದದ್ದನ್ನು ನಾನಂತೂ ನೋಡಿಲ್ಲ.

ನಮ್ಮ ನಾಲ್ವರಲ್ಲಿ ಒಂದು ಹಳೇ ಹುಚ್ಚಾಟ ಇದೆ. ಯಾರನ್ನಾದರೂ ಬಿಟ್ಟು ಹೋಗೋದು. ಒಮ್ಮೆ ಡಾಕ್ಟ್ರು ಪೆಟ್ರೋಲ್ ಬಂಕಿನಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಮೇಸ್ತ್ರಿ ಕಾರು ತಗೊಂಡು ಮುಂದಿನ ತಿರುವಿನಲ್ಲಿ ಅವಿತುಕೊಂಡಿದ್ದಳು. ಇನ್ನೊಮ್ಮೆ ನನ್ನನ್ನು ಬಟ್ಟೆ ಅಂಗಡಿಯ ಟ್ರಯಲ್ ರೂಮಲ್ಲಿ ಬಿಟ್ಟು ಮೂವರೂ ಕಾಫಿ ಕುಡಿಯೋಕೆ ಹೋಗಿದ್ದರು. ಗಾಬರಿಬಿದ್ದು ಫೋನ್ ಮಾಡಿದರೆ ಮುಗೀತು, ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಏನೂ ಆಗದವರ ಹಾಗೆ ಕೂತಿದ್ದರೆ ಗೆದ್ದ ಹಾಗೆ.

ಇನ್ನು ನಮ್ಮನೆಯವರು. ಲಿಫ್ಟ್ ರಿಪೇರಿ ಅವರ ಕೆಲಸ. ಕತ್ತಲ ಬಾವಿಯಂಥ ಜಾಗದಲ್ಲಿ, ಗ್ರೀಸು ಮೆತ್ತಿದ ಕೇಬಲ್ಲುಗಳ ನಡುವೆ, ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ನಟ್ಟು ಬಿಗಿಯೋ ಮನುಷ್ಯ. ಅದಕ್ಕೆಲ್ಲ ಅವರಿಗೆ ಹೆದರಿಕೆ ಇಲ್ಲ. ನೀರು ಅಂದರೆ ಮಾತ್ರ ಕೈಕಾಲು ತಣ್ಣಗಾಗುತ್ತೆ. ಷವರ್ ಕೆಳಗೂ ಒಂದು ಕೈ ಗೋಡೆಗೆ ಆನಿಸಿಕೊಂಡೇ ನಿಲ್ಲುತ್ತಾರೆ. ಯಾಕೆ ಅಂದರೆ ಕಾರಣ ಇಲ್ಲ, ಕೆಲವರಿಗೆ ಜಿರಲೆ, ಇವರಿಗೆ ನೀರು. ಮತ್ತೆ ಕಟ್ಟಿಕೊಂಡದ್ದು ನನ್ನನ್ನು. ನಾನು ಮುನಿಸಿಪಾಲಿಟಿ ಈಜುಕೊಳದಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸುತ್ತೇನೆ. ಕ್ಲೋರಿನ್ ವಾಸನೆ ನನ್ನ ತಲೆಗೂದಲಿನಿಂದ ಹೋಗೋದೇ ಇಲ್ಲ. ಊರ ಮಕ್ಕಳಿಗೆಲ್ಲ ಈಜು ಕಲಿಸಿದವಳಿಗೆ ಗಂಡನನ್ನು ಸೊಂಟದುದ್ದ ನೀರಿಗೆ ಇಳಿಸೋಕೆ ಆಗಿಲ್ಲ ಅನ್ನೋದು ಮೇಸ್ತ್ರಿಯ ಖಾಯಂ ತಮಾಷೆ. ಸಮುದ್ರದ ನಡುವಿನ ದ್ವೀಪಕ್ಕೆ ರಜಕ್ಕೆ ಹೋಗೋಣ ಅಂತ ಅವಳು ಗೊತ್ತು ಮಾಡಿದಾಗಲೂ ಇವರು ಒಪ್ಪಿದ್ದು ನನ್ನ ಮುಖ ನೋಡಿ. ನಮ್ಮ ಮದುವೆಯಾಗಿ ಹನ್ನೆರಡು ವರ್ಷ ತುಂಬೋದು ಆ ವಾರದಲ್ಲೇ ಇತ್ತು.

ಹೋಟೆಲಿನ ಕಾರಿಡಾರಿನಲ್ಲಿ, ಐಸ್ ಮಷೀನಿನ ಪಕ್ಕ, ಕಟ್ಟು ಹಾಕಿಸಿದ ಒಂದು ಫೋಟೊ ಇತ್ತು. ಸುತ್ತ ನೀಲಿ ನೀರು, ನಡುವೆ ಬೆಳ್ಳನೆಯ ಮರಳ ದಿಬ್ಬ, ಅದರ ಮೇಲೆ ಒಂಟಿ ಛತ್ರಿ. ಅದನ್ನು ಕಂಡ ದಿನದಿಂದ ಮೇಸ್ತ್ರಿಗೆ ಬೇರೇನೂ ಕಾಣಲಿಲ್ಲ. ಆಮೇಲೆ ಗೊತ್ತಾದ ಪ್ರಕಾರ ಅವಳ ಪ್ಲಾನು ಇಷ್ಟು: ನಮ್ಮಿಬ್ಬರನ್ನು ಮಧ್ಯಾಹ್ನ ಆ ದಿಬ್ಬದ ಮೇಲೆ ಇಳಿಸಿ ಹೋಗೋದು. ಸೂರ್ಯ ಮುಳುಗೋ ಹೊತ್ತಿಗೆ ಕೇಕು ಹಿಡಕೊಂಡು ಬಂದು ನಮ್ಮನ್ನು ಬೆಚ್ಚಿಬೀಳಿಸೋದು. ಗುಟ್ಟು ರಟ್ಟಾಗಬಾರದು ಅಂತ ಹೋಟೆಲಿನವರ ಕಿವಿಗೂ ಹಾಕಿರಲಿಲ್ಲ. ದೋಣಿಯವನೂ ಬೇಡ ಅಂತ ಬರೀ ಮೋಟಾರು ದೋಣಿ ಬಾಡಿಗೆಗೆ ತಗೊಂಡು ಡಾಕ್ಟ್ರಿಗೆ ಅದನ್ನು ಓಡಿಸೋದು ಕಲಿಸಿದ್ದಳು. ಆ ದಿಬ್ಬ ಸಂಜೆಗೂ ಅಲ್ಲೇ ಇರುತ್ತಾ ಅಂತ ಅವಳು ಯಾರನ್ನೂ ಕೇಳಲಿಲ್ಲ. ಫೋಟೊದಲ್ಲಿ ಇತ್ತಲ್ಲ, ಸಾಕು.

ಹೊರಡುವ ಮುಂಚೆ ನಮ್ಮವರು ರೂಮಿನ ಮಂಚದ ತುದಿಯಲ್ಲಿ ಕೂತು, ಡಾಕ್ಟ್ರು ಕೊಟ್ಟ ವಾಂತಿ ತಡೆಯೋ ಮಾತ್ರೆಯನ್ನು ಒಂದಲ್ಲ, ಎರಡು ನುಂಗಿದರು. ದೋಣಿಯಲ್ಲಿ ಅವರ ಕೈ ನನ್ನ ಮುಂಗೈ ಬಿಡಲೇ ಇಲ್ಲ. ಗುಡ್ಡದ ಮೂತಿ ದಾಟಿ ಆಚೆಗೆ ಹೋದರೆ ದಿಬ್ಬ, ನಿಜಕ್ಕೂ ಫೋಟೊದಲ್ಲಿದ್ದ ಹಾಗೇ. ಅದರ ಒಂದು ಬದಿಯಿಂದ ಮರಳಿನ ಸಣ್ಣ ಬಾಲ ದ್ವೀಪದ ಕಡೆಗೆ ಚಾಚಿತ್ತು, ಅದರ ಮೇಲೆ ಪಾದ ಮುಳುಗುವಷ್ಟು ನೀರು. ಚಾಪೆ ಹಾಸಿದೆವು, ಛತ್ರಿ ನೆಟ್ಟೆವು, ಥರ್ಮೋಕೋಲಿನ ಐಸ್ ಡಬ್ಬ ಇಳಿಸಿದೆವು. ಫೋನುಗಳು ನೆನೆಯುತ್ತವೆ ಅಂತ ಮೇಸ್ತ್ರಿ ಎಲ್ಲರದನ್ನೂ ವಸೂಲು ಮಾಡಿ ದೋಣಿಯಲ್ಲಿದ್ದ ಚೀಲಕ್ಕೆ ಹಾಕಿಕೊಂಡಿದ್ದಳು. ಆಮೇಲೆ ‘ಕ್ಯಾಮೆರಾ ಮರ್ತೆ, ಈಗ ತರ್ತೀನಿ’ ಅಂತ ಗಂಡನನ್ನು ಎಳಕೊಂಡು ದೋಣಿ ಹತ್ತಿದಳು. ದೋಣಿ ಹೊರಟೇ ಹೋಯಿತು.

‘ಎಲ್ಲಿಗೆ ಹೋದ್ರು?’ ನಮ್ಮವರ ದನಿ ಆಗಲೇ ಸಣ್ಣಗಾಗಿತ್ತು.

‘ನಾಟಕ ಕಣ್ರೀ. ಆ ಗುಡ್ಡದ ಹಿಂದೆ ನಿಂತಿರ್ತಾಳೆ. ನಾವು ಹೆದರ್ಕೊಂಡು ಕೈಕೈ ಹಿಸುಕೋದನ್ನ ನೋಡ್ಬೇಕು ಅವಳಿಗೆ.’

‘ಹೌದಾ?’

‘ಹೂಂ. ಅವಳು ಬರೋ ಹೊತ್ತಿಗೆ ನಿದ್ದೆ ಮಾಡೋ ಹಾಗೆ ಮಲಗಿರೋಣ. ನೀವು ಗೊರಕೆ ಹೊಡೀರಿ. ಅವಳ ಮುಖ ನೋಡ್ಬೇಕು ಆಗ.’

ಸಮುದ್ರಕ್ಕೆ ಬೆನ್ನು ಹಾಕಿ ಮಲಗಿದೆವು. ಮಾತ್ರೆ ನುಂಗಿದವರು ನಾಟಕ ಶುರು ಮಾಡುವ ಮೊದಲೇ ನಿದ್ದೆ ಹೋದರು. ನಾನು ಬೆಳಿಗ್ಗೆಯಿಂದ ಈಜಿ ದಣಿದಿದ್ದೆ. ಛತ್ರಿ ನೆರಳು, ಬಿಸಿ ಗಾಳಿ, ಕಣ್ಣು ಯಾವಾಗ ಅಂಟಿತೋ ನನಗೂ ಗೊತ್ತಿಲ್ಲ.

ಕಾಲಿಗೆ ತಣ್ಣಗೆ ಏನೋ ತಾಗಿ ಎಚ್ಚರವಾಯಿತು. ಮೇಸ್ತ್ರಿ ನೀರು ಎರಚಿದಳು ಅಂದುಕೊಂಡು ಕಣ್ಣು ಬಿಡದೆ ಹಾಗೇ ಬಿದ್ದುಕೊಂಡೆ. ಮತ್ತೆ ತಣ್ಣಗೆ, ಈ ಸಲ ಮೊಣಕಾಲವರೆಗೆ. ಎದ್ದು ಕೂತೆ.  ನಾವು ಮಲಗುವಾಗ ಶಾಲೆ ಮೈದಾನದಷ್ಟಿದ್ದ ಮರಳು ಈಗ ನಮ್ಮ ಮನೆಯ ನಡುಮನೆಯಷ್ಟೂ ಉಳಿದಿರಲಿಲ್ಲ. ನಮ್ಮವರ ಒಂದು ಚಪ್ಪಲಿ ದೂರದಲ್ಲಿ ತೇಲಿಕೊಂಡು ಹೋಗುತ್ತಿತ್ತು. ಸುತ್ತ ಎಲ್ಲೂ ದೋಣಿ ಇರಲಿಲ್ಲ. ಗುಡ್ಡದ ಹಿಂದಿನಿಂದ ಯಾವ ಸದ್ದೂ ಬರಲಿಲ್ಲ. ಆಗ ನನಗೆ ಗೊತ್ತಾಯಿತು, ಅಲ್ಲಿ ಯಾರೂ ಅಡಗಿಕೊಂಡಿಲ್ಲ.

‘ರೀ, ಏಳ್ರೀ. ಈಗಲೇ ನಡೀಬೇಕು, ಆ ಬಾಲದ ಮೇಲಿಂದ.’

ಅವರು ಎದ್ದು ನೋಡಿದರು. ಮುಖ ಬೂದಿಯಾಯಿತು. ‘ಎಲ್ಲಿ ನಡೀಬೇಕು? ಅಲ್ಲಿ ನೀರಿದೆ.’

‘ಮೊಣಕಾಲುದ್ದ ಅಷ್ಟೇ. ನನ್ನ ಭುಜ ಹಿಡ್ಕೊಳ್ಳಿ.’

‘ನಡೂ ಮಧ್ಯೆ ಎಷ್ಟಿದೆ ನಿನಗೆ ಗೊತ್ತಾ?’

ಗೊತ್ತಿರಲಿಲ್ಲ. ಸುಳ್ಳು ಹೇಳಬೇಕಿತ್ತು, ಬಾಯಿಗೆ ಬರಲಿಲ್ಲ. ಅವರು ಛತ್ರಿಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬೇರೂರಿ ನಿಂತರು. ‘ನೋಡು, ಲಿಫ್ಟ್ ನಿಂತಾಗ ಒಳಗಿರೋರು ಏನೂ ಮಾಡ್ಬಾರ್ದು. ಬಾಗಿಲು ಎಳೆದು ಹೊರಗೆ ಬರೋಕೆ ಹೋದೋರಿಗೇ ಪೆಟ್ಟಾಗೋದು. ಸುಮ್ನೆ ಇದ್ದಲ್ಲೇ ಇದ್ದೋರನ್ನೆಲ್ಲ ನಾನು ಹೊರಗೆ ತಂದಿದೀನಿ. ಒಬ್ರಿಗೂ ಏನೂ ಆಗಿಲ್ಲ. ಅವರು ಬರ್ತಾರೆ. ನಾವು ಎಲ್ಲಿದೀವಿ ಅಂತ ಅವರಿಗೆ ಗೊತ್ತಲ್ಲ, ಇಲ್ಲೇ ಇರ್ಬೇಕು.’

‘ಇದು ಲಿಫ್ಟ್ ಅಲ್ಲ ಕಣ್ರೀ. ಲಿಫ್ಟಿಗೆ ನೀರು ತುಂಬ್ಕೊಳ್ಳಲ್ಲ.’

‘ನನ್ನ ಕೈಲಿ ಆಗಲ್ಲ. ನನ್ನನ್ನ ಬಲವಂತ ಮಾಡ್ಬೇಡ.’

ರೇಗಿತು ನನಗೆ. ಬೈದೆ. ಹನ್ನೆರಡು ವರ್ಷದ್ದೆಲ್ಲ ತೆಗೆದು ಬೈದೆ. ಅವರು ಕೋಲು ಬಿಡಲಿಲ್ಲ. ನಾವು ಹಾಗೆ ಜಗಳ ಆಡುತ್ತಾ ನಿಂತಿದ್ದಾಗಲೇ ಉಬ್ಬರದ ನೀರು ತನ್ನ ಪಾಡಿಗೆ ತಾನು ಏರುತ್ತಿತ್ತು. ಕಡೆಗೆ ನಾನೊಬ್ಬಳೇ ಬಾಲದ ಮೇಲೆ ಹೋಗಿ ನೋಡಿದೆ. ನಡೂ ಮಧ್ಯೆ ಸೊಂಟ ದಾಟಿತು. ಅಡ್ಡಡ್ಡ ಸೆಳೆತ ಹೇಗಿತ್ತೆಂದರೆ ನನ್ನ ಎರಡೂ ಕಾಲು ನೆಲ ಬಿಟ್ಟು ಹೋಯಿತು. ಈಜಿ ವಾಪಸು ಬರೋಕೆ ನನಗೇ ಉಸಿರು ಕಟ್ಟಿತು. ಈ ಮನುಷ್ಯನನ್ನು ಇದರಲ್ಲಿ ದಾಟಿಸೋಕೆ ಇನ್ನು ಸಾಧ್ಯವಿಲ್ಲ ಅಂತ ನನ್ನ ಮೈಗೇ ಗೊತ್ತಾಗಿ ಹೋಯಿತು. ಕಾಲು ಗಂಟೆ ಮುಂಚೆ ಆಗಿದ್ದರೆ ಕತ್ತು ಹಿಡಿದು ಎಳಕೊಂಡಾದರೂ ಹೋಗಬಹುದಿತ್ತು.

‘ಎಷ್ಟಿದೆ?’ ಅಂತ ಕೇಳಿದರು.

‘ನೀವು ಹೇಳಿದ್ದೇ ಸರಿ, ಇಲ್ಲೇ ಇರೋಣ’ ಅಂದೆ.

ಅವರು ನನ್ನ ಮುಖ ನೋಡಿದರು. ನಾನು ಯಾವತ್ತೂ ಅವರ ಮಾತನ್ನು ಸರಿ ಅಂದವಳಲ್ಲ. ಅದರಿಂದಲೇ ಅವರಿಗೆ ಎಲ್ಲ ಅರ್ಥವಾಗಿರಬೇಕು.

ಮರಳು ಪೂರ್ತಿ ಮುಚ್ಚಿಹೋಯಿತು. ದಿಬ್ಬದ ನೆತ್ತಿ ಎಲ್ಲಿತ್ತು ಅಂತ ಕಾಲಲ್ಲಿ ತಡಕಿ ಅದರ ಮೇಲೆ ನಿಂತೆವು. ಸುತ್ತ ನೋಡಿದರೆ ಬರೀ ನೀರು. ನೀರಿನ ನಡುವೆ ಇಬ್ಬರು ಮನುಷ್ಯರು, ಒಂದು ಛತ್ರಿ. ಯಾರಾದರೂ ದೂರದಿಂದ ನೋಡಿದ್ದರೆ ನಗುತ್ತಿದ್ದರೇನೋ.  ಮೊಣಕಾಲಿಗೆ ಬಂತು. ತೊಡೆಗೆ ಬಂತು. ಅವರು ಛತ್ರಿಯನ್ನು ಬಾವುಟದ ಹಾಗೆ ಮೇಲೆತ್ತಿ ಆಡಿಸುತ್ತಿದ್ದರು. ಗಾಳಿ ಬೀಸಿ ಅದು ಕೈಯಿಂದ ಕಿತ್ತುಕೊಂಡು ಹೋಯಿತು. ಅದು ಮಗುಚಿಕೊಂಡು ತೇಲುತ್ತಾ ದೂರ ಹೋಗುವುದನ್ನು ಇಬ್ಬರೂ ಸುಮ್ಮನೆ ನೋಡಿದೆವು.

‘ನೀನು ಹೋಗು’ ಅಂದರು.

‘ಎಲ್ಲಿಗೆ?’

‘ನಿನಗೆ ಬರುತ್ತಲ್ಲ. ಈಜ್ಕೊಂಡು ದಡಕ್ಕೆ ಹೋಗಿ ಯಾರನ್ನಾದ್ರೂ ಕರ್ಕೊಂಡು ಬಾ. ನಾನು ಇಲ್ಲೇ ನಿಂತಿರ್ತೀನಿ.’

ಅವರ ಹಲ್ಲು ಕಟಕಟ ಅನ್ನುತ್ತಿತ್ತು, ನೀರೇನೋ ಅಷ್ಟು ತಣ್ಣಗಿರಲಿಲ್ಲ. ಈಜಿದರೆ ನಾನು ದಡ ಸೇರುತ್ತೇನೆ, ಅದರಲ್ಲಿ ಅನುಮಾನ ಇರಲಿಲ್ಲ. ಆದರೆ ದಡದಿಂದ ಹೋಟೆಲಿಗೆ ಗುಡ್ಡ ಸುತ್ತಿ ಓಡಬೇಕು, ಯಾರನ್ನೋ ಹುಡುಕಬೇಕು, ದೋಣಿ ಹೊರಡಿಸಬೇಕು. ಅಷ್ಟು ಹೊತ್ತಿಗೆ ಇಲ್ಲಿ ನಿಂತಿರೋಕೆ ನೆಲ ಇರುತ್ತದೆ, ನಿಂತವರ ತಲೆ ನೀರಿನ ಕೆಳಗಿರುತ್ತದೆ. ಅವರಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಹೋಗು ಅನ್ನುತ್ತಿದ್ದರು.

‘ಬಾಯಿ ಮುಚ್ಚಿಕೊಂಡು ನಿಂತ್ಕೊಳ್ಳಿ’ ಅಂದೆ.  ನನಗೆ ಭಯವಾಗಿತ್ತು. ನನ್ನ ಇಡೀ ಜೀವಮಾನದಲ್ಲಿ ನೀರಲ್ಲಿ ನಿಂತು ನನಗೆ ಭಯವಾಗಿದ್ದು ಅದೇ ಮೊದಲು, ಮತ್ತು ಹೇಗೆ ಭಯಪಡಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಐಸ್ ಡಬ್ಬ ಇನ್ನೂ ಸಿಕ್ಕುವಷ್ಟು ಹತ್ತಿರ ತೇಲುತ್ತಿತ್ತು. ತಂದೆ. ಒಳಗಿದ್ದದ್ದನ್ನೆಲ್ಲ ಸುರಿದು, ಮುಚ್ಚಳ ಹಾಕಿ ಅವರ ಎದೆಗೆ ಕೊಟ್ಟೆ. ‘ಇದನ್ನ ತಬ್ಬಿಕೊಳ್ಳಿ, ಮೆತ್ತಗೆ.’ ಮೆತ್ತಗೆ ಅಂದರೆ ಯಾರಿಗೆ ಕೇಳಿಸುತ್ತೆ. ನೀರು ಎದೆ ಮುಟ್ಟಿ, ಮೊದಲ ಅಲೆ ಅವರ ಗಲ್ಲಕ್ಕೆ ಹೊಡೆದಾಗ ಅವರು ಅದನ್ನು ಹೇಗೆ ಅವುಚಿದರೆಂದರೆ ಥರ್ಮೋಕೋಲು ಪುಡಿಪುಡಿಯಾಗಿ ಬಿಳಿ ಗುಳಿಗೆಗಳು ನಮ್ಮ ಸುತ್ತ ಹರಡಿದವು. ಕೈಯಲ್ಲಿ ಒಂದು ತುಂಡು ಉಳಿಯಿತು. ಅವರು ಅದನ್ನೇ ಹಿಡಿದುಕೊಂಡು ನನ್ನ ಕಡೆ ನೋಡಿದರು, ಏನೋ ಒಡೆದುಹಾಕಿದ ಮಗುವಿನ ಹಾಗೆ.

ಮುಳುಗುವವರ ಹತ್ತಿರ ಎದುರಿನಿಂದ ಹೋಗಬಾರದು. ಇದು ನಮ್ಮ ಕೆಲಸದಲ್ಲಿ ಮೊದಲ ದಿನವೇ ಕಲಿಸುತ್ತಾರೆ. ಎದುರಿಗೆ ಹೋದರೆ ಕತ್ತಿಗೆ ಜೋತುಬಿದ್ದು ನಮ್ಮನ್ನೂ ಒಯ್ಯುತ್ತಾರೆ, ಅವರ ತಪ್ಪಲ್ಲ, ಜೀವ ಹಾಗೆ ಮಾಡಿಸುತ್ತೆ. ನಾನು ಅವರ ಹಿಂದೆ ಹೋಗಿ ನಿಂತೆ.

‘ಈಗ ನನ್ನ ಮೇಲೆ ಒರಗಿ.’

‘ಆಗಲ್ಲ.’

‘ಆಗುತ್ತೆ. ಆಕಾಶ ನೋಡಿ. ಕಿವಿ ನೀರೊಳಗೆ ಹೋಗುತ್ತೆ, ಹೋಗಲಿ.’

‘ಆಗಲ್ಲ ಕಣೇ, ಆಗಲ್ಲ, ದಯವಿಟ್ಟು.’

 ಆಮೇಲೆ ನನ್ನ ಬಾಯಿಂದ ಬಂದದ್ದು ಅವರ ಹೆಂಡತಿಯ ದನಿಯಲ್ಲ. ಕೊಳದ ಅಂಚಿನಲ್ಲಿ ನಡುಗುತ್ತಾ ನಿಂತ ಮಕ್ಕಳ ಜೊತೆ ನಾನು ಮಾತಾಡೋ ದನಿ. ‘ಹೆದರ್ಕೋಬೇಡ ಪುಟ್ಟಾ. ನನ್ನ ಕೈ ಇದೆ ನೋಡು ಕತ್ತಿನ ಕೆಳಗೆ. ಹೊಟ್ಟೆ ಮೇಲೆತ್ತು. ಹಾಗೆ. ಉಸಿರು ತುಂಬ್ಕೋ, ಬಲೂನ್ ಥರ. ಜಾಣ. ನನ್ನ ಜಾಣ.’ ಹನ್ನೆರಡು ವರ್ಷ ‘ರೀ, ನೀವು’ ಅಂದವಳು ಏಕವಚನದಲ್ಲಿ ಪುಟ್ಟಾ ಅಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅವರು ಕಣ್ಣು ಬಿಗಿಯಾಗಿ ಮುಚ್ಚಿ ಹಿಂದಕ್ಕೆ ಒರಗಿದರು.

ಒಂದು ಸಲ ಒದ್ದಾಡಿ ಎದ್ದರು. ನೀರು ಕುಡಿದರು, ಕೆಮ್ಮಿದರು, ನನ್ನ ಮೂಗಿಗೆ ಅವರ ಮೊಣಕೈ ಏಟು ಬಿತ್ತು. ಮತ್ತೆ ಒರಗಿಸಿದೆ. ಮತ್ತೆ ಎದ್ದರು. ಮೂರನೇ ಸಲಕ್ಕೆ ಅವರ ಕಾಲು ತಾನಾಗಿ ಮೇಲೆ ಬಂತು. ಅದೇ ಹೊತ್ತಿಗೆ ನನ್ನ ಕಾಲಿಗೆ ನೆಲ ತಪ್ಪಿತು.

ಅಲ್ಲಿಂದ ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಅವರ ತಲೆ ನನ್ನ ಎಡಗೈ ಮೇಲೆ, ನನ್ನ ಬಲಗೈ, ಎರಡು ಕಾಲು ಇಬ್ಬರ ಪಾಲಿನ ಕೆಲಸವನ್ನೂ ಮಾಡುತ್ತಿದ್ದವು. ಸೆಳೆತ ನಮ್ಮನ್ನು ದಿಬ್ಬದಿಂದ ಎಷ್ಟು ದೂರ ಒಯ್ಯಿತೋ ತಿಳಿಯಲಿಲ್ಲ. ಅವರ ಕಿವಿ ನೀರೊಳಗಿತ್ತು, ನಾನು ಏನು ಹೇಳಿದರೂ ಕೇಳಿಸದು. ಆದರೂ ಹೇಳುತ್ತಲೇ ಇದ್ದೆ. ಬಂದರು, ಈಗ ಬಂದರು, ಇನ್ನೇನು ಬಂದರು. ಸೂರ್ಯ ನೀರಿಗೆ ತಾಗಿತು. ನನ್ನ ಭುಜ ಉರಿಯುತ್ತಿತ್ತು, ಆಮೇಲೆ ಉರಿ ನಿಂತು ಮರಗಟ್ಟಿತು. ಎಡಗೈ ಇದೆಯೋ ಇಲ್ಲವೋ ಅಂತ ನೋಡಿ ತಿಳಿದುಕೊಳ್ಳಬೇಕಾಯಿತು. ಕೈ ಬಿಟ್ಟರೆ ಹೋದರು, ಬಿಟ್ಟರೆ ಹೋದರು, ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ಬೆಳಕು ಮಂಕಾಗುವಾಗ ಮೋಟಾರಿನ ಸದ್ದು ಕೇಳಿಸಿತು.

ಗುಡ್ಡದ ಮೂತಿ ದಾಟಿ ದೋಣಿ ಬಂತು. ದೋಣಿಯ ಮುಂತುದಿಯಲ್ಲಿ ಮೇಸ್ತ್ರಿ ನಿಂತಿದ್ದಳು, ಕೈಯಲ್ಲಿ ಕೇಕಿನ ಡಬ್ಬ ಎತ್ತಿ ಹಿಡಿದಿದ್ದಳು. ಜೀವ ಬಂದ ಹಾಗಾಯಿತು. ಕೂಗಿದೆ. ದೋಣಿ ನೇರವಾಗಿ ಬಂದು, ನಮಗೆ ಸ್ವಲ್ಪ ಆಚೆಯಿಂದ ಹಾಯ್ದು ಮುಂದೆ ಹೋಗಿಬಿಟ್ಟಿತು. ಅವರು ನಮ್ಮನ್ನು ಹುಡುಕುತ್ತಿರಲಿಲ್ಲ, ದಿಬ್ಬ ಹುಡುಕುತ್ತಿದ್ದರು. ದೋಣಿ ಎಬ್ಬಿಸಿದ ಅಲೆ ಬಂದು ನಮ್ಮವರ ಮುಖದ ಮೇಲೆ ಬಿತ್ತು, ಅವರು ಒದ್ದಾಡಿದರು, ಇಬ್ಬರೂ ಒಮ್ಮೆ ಕೆಳಗೆ ಹೋಗಿ ಬಂದೆವು.

ಮೋಟಾರು ನಿಂತಿತು. ನೀರಿನ ಮೇಲಿಂದ ಮೇಸ್ತ್ರಿಯ ದನಿ ಸ್ಪಷ್ಟವಾಗಿ ಬಂತು. ‘ಎಲ್ರೀ ದಿಬ್ಬ? ದಾರಿ ತಪ್ಪಿ ಬಂದ್ರಾ? ನಿಮಗೆ ಒಂದು ಕೆಲಸ ಹೇಳಿದ್ರೆ...’ ಅಷ್ಟಕ್ಕೆ ನಿಂತಿತು. ಆಮೇಲೆ ಅವಳು ನನ್ನ ಹೆಸರು ಹಿಡಿದು ಕಿರುಚಿದಳು. ಅಂಥ ಸದ್ದು ಅವಳ ಗಂಟಲಿಂದ ಬಂದದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಈಜು ಕಲಿಸುವಾಗ ಕೊಳದ ಆ ತುದಿಯ ಮಕ್ಕಳಿಗೆ ಕೇಳುವ ಹಾಗೆ ಕೂಗುತ್ತೇನಲ್ಲ, ಉಳಿದಿದ್ದ ಉಸಿರನ್ನೆಲ್ಲ ಸೇರಿಸಿ ಹಾಗೆ ಕೂಗಿದೆ. ದೋಣಿ ತಿರುಗಿತು.

ಡಾಕ್ಟ್ರು ಅಂಚಿಗೆ ಬಗ್ಗಿ ನಮ್ಮವರ ಕಂಕುಳಿಗೆ ಕೈ ಹಾಕಿದರು. ಮೇಸ್ತ್ರಿ ಅಂಗಿಯ ಕಾಲರ್ ಹಿಡಿದಳು. ‘ಭಾವ, ಎತ್ತಿ ಕಾಲು, ಭಾವ, ನಿಮ್ಮ ದಮ್ಮಯ್ಯ’ ಅಂತ ಅಳುತ್ತಿದ್ದಳು. ನಾನು ಕೆಳಗಿನಿಂದ ಎರಡೂ ಕೈಯಲ್ಲಿ ಅವರನ್ನು ಮೇಲಕ್ಕೆ ನೂಕಿದೆ. ಅವರು ಮೇಲೆ ಹೋದರು. ನೂಕಿದ ರಭಸಕ್ಕೆ ನಾನು ಕೆಳಗೆ ಹೋದೆ.

ಇಲ್ಲಿ ನಿಜ ಹೇಳಬೇಕು. ಕೆಳಗೆ ಹೋದವಳು ಒಂದು ಕಾಲು ಒದ್ದಿದ್ದರೆ ಮೇಲೆ ಬರುತ್ತಿದ್ದೆ. ಒದೆಯಲಿಲ್ಲ. ನೀರು ಹಸಿರಾಗಿತ್ತು, ಸದ್ದೇ ಇರಲಿಲ್ಲ. ಅವರನ್ನು ಎತ್ತಿಕೊಂಡರು, ಇನ್ನು ಸಾಕು ಅನ್ನಿಸಿತು. ಕೈ ಇಷ್ಟು ಹೊತ್ತಿನ ಮೇಲೆ ಖಾಲಿಯಾಗಿತ್ತು. ಅದು ಎಷ್ಟು ಹಾಯಾಗಿತ್ತು ಅಂದರೆ, ಬಾಯಿ ಬಿಟ್ಟು ಹೇಳೋಕೂ ನನಗೆ ಅಂಜಿಕೆಯಾಗುತ್ತೆ. ಮೈ ತಾನಾಗಿ ಇಳಿಯುತ್ತಿತ್ತು, ನಾನು ಬಿಟ್ಟುಕೊಟ್ಟಿದ್ದೆ.

ಆಗ ಮೇಲೆ ದಢಾರ್ ಅಂತ ಏನೋ ಬಿತ್ತು. ಬೆಳ್ಳಗೆ ನೊರೆ, ಅದರ ಒಳಗಿನಿಂದ ಎರಡು ಕಾಲು, ಒಂದಕ್ಕೆ ಚಪ್ಪಲಿ ಇತ್ತು. ನಮ್ಮನೆಯವರು. ಕಣ್ಣು ಅಗಲಕ್ಕೆ ತೆರೆದುಕೊಂಡು, ಬಾಯೂ ತೆರೆದುಕೊಂಡು, ಕೈ ಎರಡನ್ನೂ ನನ್ನ ಕಡೆ ಚಾಚಿಕೊಂಡು, ಕಲ್ಲಿನ ಹಾಗೆ ಕೆಳಗೆ ಬರುತ್ತಿದ್ದರು. ತೇಲೋದು ಇಲ್ಲ, ಒದೆಯೋದು ಇಲ್ಲ. ಸುಮ್ಮನೆ ನನ್ನ ಕಡೆ ಮುಳುಗುತ್ತಿದ್ದರು.

ಬಂದ ಕೋಪ ಎಂಥದ್ದು ಅಂತೀರಿ. ಇಷ್ಟು ಕಷ್ಟಪಟ್ಟು ಮೇಲೆ ಹತ್ತಿಸಿದ್ದು ಇದಕ್ಕಾ. ಆ ಕೋಪದಲ್ಲಿ ಕಾಲಿಗೆ ಜೀವ ಬಂತು. ಸುತ್ತಿ ಅವರ ಹಿಂದಕ್ಕೆ ಹೋದೆ, ಗಲ್ಲದ ಕೆಳಗೆ ಕೈ ಹಾಕಿದೆ, ಒದ್ದೆ, ಮತ್ತೆ ಒದ್ದೆ. ತಲೆ ಹೊರಗೆ ಬಂದಾಗ ಡಾಕ್ಟ್ರು ಎಸೆದ ಹಗ್ಗ ಮುಖಕ್ಕೇ ಬಿತ್ತು. ಈ ಸಲ ಇಬ್ಬರನ್ನೂ ಒಟ್ಟಿಗೆ, ಬಲೆಗೆ ಬಿದ್ದದ್ದನ್ನು ಎಳೆಯುವ ಹಾಗೆ ಎಳೆದು ದೋಣಿಗೆ ಹಾಕಿಕೊಂಡರು. ನಾವು ಕೇಕಿನ ಮೇಲೇ ಬಿದ್ದೆವು.

ಅವರು ಬೋರಲು ಬಿದ್ದು ನೀರು ಕಕ್ಕಿದರು. ನಾನು ಅವರ ಬೆನ್ನಿಗೆ ಎರಡು ಕೈಯಿಂದಲೂ ಗುದ್ದಿದೆ. ‘ಯಾರ್ರೀ ಹೇಳಿದ್ದು ನಿಮಗೆ ಹಾರು ಅಂತ? ಬುದ್ಧಿ ಇದೆಯೇನ್ರೀ ನಿಮಗೆ? ಒಳಗೆ ಹೋಗಿ ಏನು ಮಾಡ್ತಿದ್ರಿ?’ ಮೇಸ್ತ್ರಿ ನನ್ನ ಕೈ ಹಿಡಿಯೋಕೆ ಬಂದಳು, ಅವಳನ್ನೂ ತಳ್ಳಿದೆ. ಅವಳು ದೋಣಿಯ ಮೂಲೆಯಲ್ಲಿ ಮುದುಡಿ ಕೂತು ‘ಫೋಟೊದಲ್ಲಿ ಇತ್ತು ಕಣೇ, ಫೋಟೊದಲ್ಲಿ ಇತ್ತು’ ಅಂತ ಅದನ್ನೇ ಹೇಳುತ್ತಿದ್ದಳು. ಡಾಕ್ಟ್ರು ಮೋಟಾರು ಶುರು ಮಾಡೋಕೆ ಹೋದರೆ ಎಳೆಯೋ ಹಗ್ಗ ಕೈಯಿಂದ ಜಾರುತ್ತಿತ್ತು.

ಕೆಮ್ಮು ನಿಂತ ಮೇಲೆ ನಮ್ಮವರು ಎಂದೂ ನೋಡದ ಹಾಗೆ ನನ್ನನ್ನು ನೋಡಿದರು.

‘ಯಾಕೆ ಸುಮ್ಮನಾಗಿಬಿಟ್ಟೆ?’ ಅಂದರು.

‘ಕಾಲು ಹಿಡ್ಕೊಂಡ್ತು.’

‘ಸುಳ್ಳು ಹೇಳ್ಬೇಡ. ನಾನು ಮೇಲಿಂದ ನೋಡ್ತಿದ್ದೆ. ನೀನು ಕೈಯೂ ಆಡಿಸ್ಲಿಲ್ಲ.’

ಬೈಯೋಣ ಅಂದರೆ ಬೈಗುಳ ಬರಲಿಲ್ಲ, ಅಳು ಬಂತು. ‘ಸುಸ್ತಾಗಿತ್ತು ಕಣ್ರೀ’ ಅಂದೆ. ‘ನಿಮ್ಮನ್ನ ಎತ್ಕೊಂಡ್ರಲ್ಲ, ಇನ್ನು ಸಾಕು ಅನ್ನಿಸಿಬಿಡ್ತು.’

ಅವರು ದೋಣಿಯಲ್ಲಿದ್ದ ಟವೆಲ್ ಎಳೆದು ನನಗೆ ಸುತ್ತಿದರು. ಮೋಟಾರು ಹತ್ತಿಕೊಂಡಿತು. ಗುಡ್ಡದ ಆಚೆ ಹೋಟೆಲಿನ ದೀಪಗಳು ಕಾಣಿಸಿದವು.

‘ಇನ್ನೊಂದ್ಸಲ ಹಾಗೆ ಅನ್ನಿಸಿದ್ರೆ ನನಗೆ ಹೇಳು’ ಅಂದರು.

‘ಹೇಳಿದ್ರೆ ಏನು ಮಾಡ್ತೀರಿ? ಈಜು ಬರಲ್ಲ, ಏನಿಲ್ಲ.’

‘ಹಾರ್ತೀನಿ.’

ಮಾತು ದೊಡ್ಡದು ಮಾಡಿ ಹೇಳಲಿಲ್ಲ. ಮನೆಗೆ ಹಾಲು ತರ್ತೀನಿ ಅನ್ನುವ ಹಾಗೆ ಹೇಳಿದರು.  ಹಸಿರು ನೀರಲ್ಲಿ ಆಗದ ಭಯ ಈಗ ದೋಣಿಯಲ್ಲಿ, ಟವೆಲ್ ಸುತ್ತಿಕೊಂಡು ಕೂತಲ್ಲಿ ಆಯಿತು. ಈ ಮನುಷ್ಯ ಹಾರುತ್ತಾರೆ. ನಾನು ಎಲ್ಲಿ ಕೈ ಬಿಟ್ಟರೂ, ಅಲ್ಲಿ ಎಷ್ಟು ಆಳ ಅಂತ ಕೇಳದೆ, ಹಾರೇ ಹಾರುತ್ತಾರೆ. ನಾನು ಅವರ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ದಡ ಬಂದ ಮೇಲೂ ಬಿಡಲಿಲ್ಲ.